ಫಿಯೆಟ್ಟಿನ ಹಿಂದಿನ ಒರಗು

ಕಳೆದುಹೋದದ್ದು ಡೈರಿಯೇ ಆದ್ದರಿಂದ, ತನ್ನ ದಿಗಿಲನ್ನು ಬರೆದುಕೊಳ್ಳಲು ಶ್ರೀವಿದ್ಯಾಳಿಗೆ ಆ ಬೆಳಿಗ್ಗೆ ಕ್ಯಾಲೆಂಡರಿನ ಹರಿದ ಹಾಳೆಯೇ ಗತಿಯಾಯಿತು. 'ಅಂಬುಜಮ್ಮ ಮಾಮಿ ಅದನ್ನು ಓದಿದರೆ ನಾನು ಕ್ರೋಂಪೇಟೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?' ಎಂದು ಬರೆದು, ಆ ಹಾಳೆಯನ್ನೂ ಚೂರುಚೂರು ಮಾಡಿದಳು.

ನಿನ್ನೆ ತ್ರಿಪ್ಲಿಕೇನಿನಿಂದ ಮನೆಗೆ ಬರುವಾಗ ಅಪ್ಪನ ಫಿಯೆಟ್ಟಿನ ಹಿಂದಿನ ಸೀಟಿನಲ್ಲಿ ಕೂತು ಪಕ್ಕದ ಮನೆಯ ಅಂಬುಜಮ್ಮನ ಬಗ್ಗೆಯೇ ಬರೆಯುತ್ತಿದ್ದಳು. ದಾರಿಯಲ್ಲಿ ಕೈ ಅಡ್ಡಹಿಡಿದು ಹತ್ತಿದವರೂ ಅಂಬುಜಮ್ಮನೇ. ಗಾಬರಿಯಲ್ಲಿ ಡೈರಿಯನ್ನು ಸೀಟಿನ ಸಂದಿಗೆ ತುರುಕಿದಳು. ಅದು ಬೆನ್ನು ಆನಿಸುವ ಒರಗಿನ ಹಿಂದಕ್ಕೆ ಜಾರಿ ಮಾಯವಾಯಿತು. ಇವತ್ತು ಸಂಜೆ ಆ ಕಾರು ಅಂಬುಜಮ್ಮನ ಮನೆಗೇ ಹೋಗಲಿತ್ತು. ಕೊಂಡವರು ಅವರೇ.

ಸೀಟಿನ ಸಂದಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದಾಗ ಅಂಬುಜಮ್ಮನ ಯಜಮಾನರು ಗಂಗಾಧರರ ಕೈಗೆ ಸಿಕ್ಕಿಬಿದ್ದಳು.

"ಏನಮ್ಮಾ, ಹಸೂಗೆ ಹೆರಿಗೆ ಮಾಡಿಸೋ ಹಾಗೆ ಕೂತಿದೀಯ?"

"ಓಲೆ ಬಿದ್ದುಹೋಯ್ತು ಮಾಮಾ," ಎಂದು ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು.

ರೈಲು ಬೋಗಿಗಳನ್ನು ಮೂವತ್ತು ವರ್ಷ ಬಿಚ್ಚಿ ಜೋಡಿಸಿ ನಿವೃತ್ತರಾಗಿದ್ದ ಗಂಗಾಧರರಿಗೆ ಇಷ್ಟು ಸಾಕಿತ್ತು. ಸ್ಪ್ಯಾನರು ಬಂತು. ಹಿಂದೆಯೇ ಅಂಬುಜಮ್ಮನೂ ಬಂದರು. ಕೂರುವ ಸೀಟು ಎದ್ದಿತು, ಒರಗಿನ ತುಕ್ಕು ಹಿಡಿದ ಎರಡು ಬೋಲ್ಟು ಕಿರುಚಿಕೊಂಡು ಸಡಿಲವಾದವು.

"ಸುಮ್ನೆ ನಿಂತು ಏನ್ಮಾಡ್ತೀಯ ಕಂದಾ, ಹೋಗಿ ಕಾಫಿ ತಾ," ಎಂದರು ಅಂಬುಜಮ್ಮ.

ಎರಡು ಸಲ ಹಾಲು ಉಕ್ಕಿಸಿ ಅವಳು ಕಾಫಿ ತರುವಷ್ಟರಲ್ಲಿ ಒರಗು ಮತ್ತೆ ಜಾಗದಲ್ಲಿ ಕೂತಿತ್ತು. ಗಂಗಾಧರರು ಅದಕ್ಕೆ ಗುದ್ದಿ ತೋರಿಸಿದರು.

"ಲೊಡಲೊಡ ಅಂತಿತ್ತು. ಹಿಂದೆ ನಿನ್ನ ಹಳೇ ಅಕೌಂಟೆನ್ಸಿ ನೋಟ್ಸು ಸಿಕ್ತು. ಓದು ಮುಗೀತಲ್ಲ, ಅದನ್ನೇ ಪ್ಯಾಕಿಂಗ್ ಕೊಟ್ಟು ಬಿಗಿದ್ಬಿಟ್ಟೆ. ಇನ್ನು ಹತ್ತು ವರ್ಷ ಯಾರೂ ಬಿಚ್ಚೋ ಹಾಗಿಲ್ಲ."

ಯಾರೂ ತೆರೆಯದಿರಲೆಂದು ಡೈರಿಗೆ ಕಂದು ಕಾಗದ ಹಾಕಿ 'ಕಾಸ್ಟ್ ಅಕೌಂಟೆನ್ಸಿ' ಎಂದು ಚೀಟಿ ಅಂಟಿಸಿದ್ದು ಅವಳೇ. ಶ್ರೀವಿದ್ಯಾಳಿಗೆ ಉಸಿರು ಮರಳಿತು. ಅಲ್ಲೇ ಇರಲಿ, ಅದಕ್ಕಿಂತ ಭದ್ರವಾದ ಜಾಗ ಎಲ್ಲಿದೆ?

"ಅದೆಲ್ಲ ಸರಿ, ಓಲೆ ಎಲ್ರೀ?" ಅಂಬುಜಮ್ಮ ಕಾಫಿ ಲೋಟವನ್ನು ಬಾನೆಟ್ಟಿನ ಮೇಲಿಟ್ಟರು. "ಇವತ್ತು ಬೆಳಿಗ್ಗೆ ಕಾರು ಒರೆಸಿದ್ದು ಯಾರು?"

ಬಕೆಟ್ ಹಿಡಿದು ಗೇಟಿನ ಬಳಿ ನಿಂತಿದ್ದ ಕೆಲಸದ ಭೀಮಾಬಾಯಿಯ ಮುಖ ಬಿಳಿಚಿತು. "ನಾನೇ ಅಮ್ಮಾ. ಆದ್ರೆ ನಂಗೇನೂ ಕಾಣ್ಲಿಲ್ಲ."

"ಕಾಣ್ಲಿಲ್ವೋ, ಸೆರಗಿಗೆ ಕಟ್ಕೊಂಡ್ಯೋ? ಎಲ್ಲಿ, ಗಂಟು ಬಿಚ್ಚು ನೋಡೋಣ."

ಭೀಮಾಬಾಯಿ ಬಕೆಟ್ ಕೆಳಗಿಟ್ಟು ಸೆರಗಿನ ಗಂಟಿಗೆ ಕೈ ಹಾಕಿದಳು. ಶ್ರೀವಿದ್ಯಾ ಕೂದಲನ್ನು ಎರಡೂ ಕಿವಿಯ ಹಿಂದಕ್ಕೆ ಸರಿಸಿದಳು. ಎರಡೂ ಓಲೆ ಬಿಸಿಲಿಗೆ ಮಿನುಗಿದವು.

"ಅವಳನ್ನು ಬಿಡಿ ಮಾಮಿ. ಓಲೆ ಬೀಳಲೇ ಇಲ್ಲ, ನಾನು ಹುಡುಕ್ತಿದ್ದಿದ್ದು ಆ ಪುಸ್ತಕಾನೇ."

"ಅಕೌಂಟೆನ್ಸಿಗೆ ಇಷ್ಟು ರಂಪಾನಾ?" ಎನ್ನುತ್ತ ಗಂಗಾಧರರು ಒರಗು ಬಿಚ್ಚಲು ಆಗಲೇ ಮತ್ತೆ ಸ್ಪ್ಯಾನರು ಎತ್ತಿಕೊಂಡಿದ್ದರು.

"ಅಕೌಂಟೆನ್ಸಿ ಅಲ್ಲ ಮಾಮಾ, ನನ್ನ ಡೈರಿ. ಅದರಲ್ಲಿ ಮಾಮಿ ಬಗ್ಗೆ ಬರೆದಿದೀನಿ."