ಇಂಜನ್ ಈರಣ್ಣನ ತಾಮ್ರದ ಬಂಬ

ಒಬ್ಬ ಕಲಾವಿದನ ಕಷ್ಟಕ್ಕೆ ಇನ್ನೊಬ್ಬ ಕಲಾವಿದ ಆಗದಿದ್ದರೆ ಮತ್ಯಾರು ಆಗಬೇಕು? ಈ ಉದಾತ್ತ ವಿಚಾರ ಹೊಳೆದಾಗ ನಾನು ಬೀದರದ ಧಾನ್ಯಪೇಟೆ ಗಾಂಧಿ ಗಂಜಿನ ಅಡತಿ ಅಂಗಡಿಯಲ್ಲಿ ಖಾಲಿ ತಕ್ಕಡಿಯ ಪಕ್ಕ ಕೂತು ನೊಣ ಹೊಡೆಯುತ್ತಿದ್ದೆ. ನಾನು ಅಲ್ಲಿ ಲೆಕ್ಕ ಬರೆಯುವವನು. ಮಳೆ ಮತ್ತೊಮ್ಮೆ ಕೈಕೊಟ್ಟಿತ್ತು. ತೊಗರಿ ಬರಲಿಲ್ಲ, ಲಾರಿ ಬರಲಿಲ್ಲ, ಹಮಾಲರು ಒಬ್ಬೊಬ್ಬರಾಗಿ ಹೈದರಾಬಾದಿನ ಬಸ್ಸು ಹತ್ತಿದ್ದರು. ಬರೆಯಲು ಲೆಕ್ಕವಿಲ್ಲದವನಿಗೆ ಉದಾತ್ತ ವಿಚಾರಗಳು ಬಹಳ ಬರುತ್ತವೆ.

ಅಂದಹಾಗೆ ನಾನು ಬರೀ ಲೆಕ್ಕದವನಲ್ಲ, ಚಿತ್ರಕಥೆಗಾರನೂ ಹೌದು. ಚೌಕ ಚೌಕ ಮನೆ ಹಾಕಿ, ಒಳಗೆ ಚಿತ್ರ ಬರೆದು, ಮಾತಿಗೊಂದು ಗುಳ್ಳೆ ಊದಿ ಕಥೆ ಹೇಳುವವನು. ನನ್ನ ಒಂದೇ ಒಂದು ಪುಸ್ತಕ ಅಚ್ಚಾಗಿದೆ. ಅದರ ಪ್ರತಿಗಳೆಲ್ಲ ನಮ್ಮ ಮಂಚದ ಕೆಳಗೆ ಸುರಕ್ಷಿತವಾಗಿವೆ. ಬೀದರ ಸೀಮೆಯಲ್ಲಿ ಇಂಥವರು ಮೂವರಿದ್ದು, ಒಂದು ಬಳಗ ಕಟ್ಟಿಕೊಂಡಿದ್ದೆವು. ಅಧ್ಯಕ್ಷ ನಾನು, ಕಾರ್ಯದರ್ಶಿ ಹಲಬರ್ಗಾದ ಗೌತಮ, ಸದಸ್ಯ ಔರಾದಿನ ದತ್ತು. ದತ್ತು ಮನೆಮಂದಿಯನ್ನು ಕಟ್ಟಿಕೊಂಡು ಪುಣೆಗೆ ಹೋದ ಮೇಲೆ ಬಳಗದಲ್ಲಿ ಪದಾಧಿಕಾರಿಗಳು ಮಾತ್ರ ಉಳಿದೆವು!

ಗೌತಮನಿಗೆ ಭಾಲ್ಕಿ ಕಡೆಯ ಒಂದು ಸಾಲೆಯಲ್ಲಿ ಅತಿಥಿ ಶಿಕ್ಷಕನ ಕೆಲಸವಿತ್ತು. ಊರವರು ಮಕ್ಕಳ ಸಮೇತ ದುಡಿಯಲು ಹೋದರು, ತರಗತಿ ಬರಿದಾಯಿತು, ಇವನನ್ನೂ ಮನೆಗೆ ಕಳಿಸಿದರು. ಮನೆಯಲ್ಲಿ ಕೂತವನು ಸುಮ್ಮನೆ ಕೂರಲಿಲ್ಲ. 'ಹಬೆಪಟ್ಟಣ' ಎಂಬ ಚಿತ್ರಕಥೆ ಬರೆದು ಅಚ್ಚು ಹಾಕಿಸಿದ. ಈ ಬಗೆಯ ಕಥೆಗೆ ಸ್ಟೀಮ್‌ಪಂಕ್ ಎನ್ನುತ್ತಾರಂತೆ. ಕರೆಂಟಿಲ್ಲ, ಪೆಟ್ರೋಲಿಲ್ಲ, ಇಡೀ ಊರು ಹಬೆಯ ಮೇಲೆ ನಡೆಯುತ್ತದೆ. ಜನ ಎತ್ತರದ ಟೋಪಿ ಹಾಕಿ, ದಪ್ಪ ಕನ್ನಡಕ ಏರಿಸಿ, ಮೈತುಂಬ ಹಿತ್ತಾಳೆ ಕೊಳವೆ, ಹಲ್ಲುಚಕ್ರ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಕಥಾನಾಯಕ ಇಂಜನ್ ಈರಣ್ಣ ಬೀದರದ ಹಳೆಯ ಸುರಂಗ ಬಾವಿಗೆ ಹಬೆಯಂತ್ರ ಇಳಿಸಿ ನೀರು ಎತ್ತುತ್ತಾನೆ. ಕೊನೆಯ ಪುಟದಲ್ಲಿ ಒಂದು ಓಣಿ, ಮನೆ ಮನೆಯ ಬಾಗಿಲಲ್ಲಿ ಧೋ ಎಂದು ಸುರಿಯುವ ನಳ. ಆ ಪುಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಚಂದ ಬರೆದಿದ್ದ.

ನಮ್ಮ ಓಣಿಯ ತುದಿಯ ವಾಚನಾಲಯದವರು ಭಾನುವಾರ ಅಂಗಳದಲ್ಲಿ ಪುಸ್ತಕ ಮಾರಲು ಒಂದು ಮೇಜು ಕೊಡಲು ಒಪ್ಪಿದರು. ಗೌತಮ ಪುಸ್ತಕದ ಕಟ್ಟು ಹೊತ್ತು ನಮ್ಮ ಮನೆಗೆ ಬಂದ.

"ಅಣ್ಣಾ, ಐತಾರ ಪುಸ್ತಕ ಮಂದಿ ಕೈಗೆ ಹತ್ತಿದ್ರ ಎರಡನೇ ಭಾಗ ಇಲ್ಲೇ ಕೂತು ತೆಗೀತೇನಿ. ಇಲ್ಲಂದ್ರ ಸೋಮಾರ ಹೈದ್ರಾಬಾದಿಗೆ ಹೋಗ್ತೇನಿ. ನಮ್ಮ ಮಾವಂದು ಅಲ್ಲಿ ಫ್ಲೆಕ್ಸ್ ಅಂಗಡಿ ಅದರಿ. ಒಮ್ಮಿ ಹೋದ್ನಂದ್ರ ಮತ್ತ ಈ ಚಿತ್ರ ಗಿತ್ರ ಆಗಂಗಿಲ್ಲರಿ."

"ಏ ಗೌತಮ, ಅಧ್ಯಕ್ಷ ಇನ್ನೂ ಜೀವಂತ ಅದಾನ! ಫಿಕೀರ್ ಮಾಡಬ್ಯಾಡ. ನಾನೇ ಇಂಜನ್ ಈರಣ್ಣನ ವೇಷ ಹಾಕ್ಕೊಂಡು ಓಣಿ ತುಂಬ ಅಡ್ಡಾಡ್ತೇನಿ. ಮಂದಿ ನನ್ನ ಬೆನ್ನ ಹಿಂದ ಓಡಿ ಬರ್ಲಿಲ್ಲಂದ್ರ ಕೇಳು."

ಓಡಿ ಬಂದರು. ಅದನ್ನೇ ಹೇಳಲು ಹೊರಟಿದ್ದೇನೆ.

ವೇಷ ತಯಾರಿಸುವ ಮಹತ್ಕಾರ್ಯ ಅಂದೇ ಶುರುವಾಯಿತು. ವೆಲ್ಡಿಂಗ್ ಅಂಗಡಿಯಿಂದ ಕಪ್ಪು ಕನ್ನಡಕ ತಂದೆ. ಪಂಕ್ಚರ್ ಅಂಗಡಿಯಿಂದ ಕೆಟ್ಟುಹೋದ ಗಾಳಿ ಮಾಪಕ ತಂದು ಎದೆಗೆ ಕಟ್ಟಿದೆ. ರಟ್ಟಿನ ಡಬ್ಬಕ್ಕೆ ರೆಕ್ಸಿನ್ ಸುತ್ತಿ ಟೋಪಿ ಮಾಡಿದೆ, ಹಳೆಯ ಪೈಪಿನ ತುಂಡುಗಳನ್ನು ಅಂಗಿಗೆ ಹೊಲಿದೆ. ಹಲ್ಲುಚಕ್ರಗಳಿಗಾಗಿ ಮಾವನವರು ಮದುವೆಯಲ್ಲಿ ಕೊಟ್ಟ ಗಡಿಯಾರ ಬಿಚ್ಚಿದೆ. ಗಡಿಯಾರ ಬಿಚ್ಚುವುದು ಬಹಳ ಸುಲಭ. ಗೋಂದು ಹಚ್ಚಿ ಟೋಪಿಗೆ ಕೂಡಿಸುವಾಗ ಒಂದು ಚಕ್ರ ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತು. ಕಿತ್ತರೆ ಚರ್ಮ ಬರುತ್ತಿತ್ತು. ಹೀಗಾಗಿ ಅದನ್ನೂ ವೇಷದ ಭಾಗವೆಂದು ಘೋಷಿಸಿದೆ!

ಆದರೆ ಇಂಜನ್ನಿಲ್ಲದ ಈರಣ್ಣ ಎಂಥ ಈರಣ್ಣ? ಬೆನ್ನ ಮೇಲೆ ಬಾಯ್ಲರ್ ಬೇಕು. ಆಗ ಬಚ್ಚಲುಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತಾಮ್ರದ ಬಂಬ ಕಣ್ಣಿಗೆ ಬಿತ್ತು. ಬಂಬವೆಂದರೆ ಸ್ನಾನದ ನೀರು ಕಾಯಿಸುವ ಹಂಡೆ. ನಡುವೆ ಕೆಂಡ ಹಾಕುವ ಕೊಳವೆ, ಕೆಳಗೊಂದು ನಳ. ನನ್ನ ಹೆಂಡತಿ ಸುನಂದಾಳ ತವರು ಡಾಬಕಾದಿಂದ ಬಂದದ್ದು. ಸ್ನಾನಕ್ಕೆ ನೀರೇ ಇಲ್ಲದ ಆ ವರ್ಷ ಬಂಬಕ್ಕೂ ಬಿಡುವಿತ್ತು.

"ಅಹೋ! ನಮ್ಮ ಆಯಿ ಕೊಟ್ಟಿದ್ದ ಬಂಬಕ್ಕ ಪಟ್ಟಿ ಯಾಕ ಕಟ್ಲಿಕತ್ತೀರಿ?" ಎಂದಳು ಸುನಂದಾ.

"ಕಲೆಗಾಗಿ."

"ಕಲಾ ಗಿಲಾ ನನಗ ಗೊತ್ತಿಲ್ಲ. ಅದಕ್ಕ ಒಂದು ಪೆಟ್ಟು ಬಿತ್ತಂದ್ರ ನೀವೂ ಗೌತಮನ ಕೂಡ ಹೈದ್ರಾಬಾದಿಗೆ ಹೋಗ್ರಿ. ಮತ್ತ ಒಂದು ಮಾತು. ಕುಡಿಯೋ ನೀರಿಗಿ ಕೈ ಹಚ್ಚಬ್ಯಾಡ್ರಿ."

ಹಚ್ಚಿದೆ. ಭಾನುವಾರ ಬೆಳಿಗ್ಗೆ ಅವಳು ಹಿಟ್ಟು ಬೀಸಿಸಲು ಹೋದಾಗ ಒಂದು ತಂಬಿಗೆ ನೀರು ಬಂಬಕ್ಕೆ ಸುರಿದು, ಕೊಳವೆಗೆ ಕೆಂಡ ತುಂಬಿದೆ. ಹಬೆಯಿಲ್ಲದ ಹಬೆಯಂತ್ರ ಜನರಿಗೆ ಮಾಡುವ ಮೋಸವಲ್ಲವೇ? ಮುಚ್ಚಳದ ಸಂದಿಗೆ ಸುತ್ತಲೂ ಕಣಕ ಮೆತ್ತಿದೆ. ಬಿರಿಯಾನಿ ಹಂಡೆಗೆ ಮೆತ್ತುವುದನ್ನು ನೋಡಿದ್ದೆ. ಮುಚ್ಚಳದ ತೂತಿಗೆ ನಮ್ಮ ಕುಕ್ಕರಿನ ಸೀಟಿ ಕೂಡಿಸಿದೆ. ಬೆನ್ನಿಗೆ ಗೋಣಿಚೀಲ ಮಡಚಿಟ್ಟು, ಹಳೆಯ ಸಾಲೆ ಚೀಲದ ಪಟ್ಟಿಗಳಿಂದ ಬಂಬ ಏರಿಸಿಕೊಂಡು ಓಣಿಗಿಳಿದೆ. ಕನ್ನಡಕದೊಳಗಿಂದ ತೀರ ಹತ್ತಿರದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆತ್ಮವಿಶ್ವಾಸಕ್ಕೆ ಅದೇ ಒಳ್ಳೆಯದು.

ಮೊದಲಿಗೆ ಯಾರೂ ಬರಲಿಲ್ಲ. ಅರ್ಧ ಮನೆಗಳಿಗೆ ಬೀಗ. ಉಳಿದವರು ಬಿಸಿಲಿಗೆ ಬಾಗಿಲು ಹಾಕಿಕೊಂಡಿದ್ದರು. ನಾಯಿಯೊಂದು ಬಂದು ನೋಡಿ ಹೋಯಿತು. ಬೆನ್ನು ಬೆಚ್ಚಗಾಗಿ, ಬಿಸಿಯಾಗಿ, ಸುಡತೊಡಗಿತು. ಇನ್ನೇನು ಇಳಿಸಬೇಕು ಎನ್ನುವಷ್ಟರಲ್ಲಿ ಸೀಟಿ ಹೊಡೆಯಿತು. ಅದೂ ಎಂಥ ಸೀಟಿ! ಇಡೀ ಓಣಿಗೆ ಕೇಳುವಂಥದ್ದು.

ತಟಪಟ ಬಾಗಿಲು ತೆರೆದವು. ಹೆಂಗಸರು, ಗಂಡಸರು, ಮುದುಕರು ಕೊಡ ಹಿಡಿದು ಓಡಿ ಬಂದರು. ಕಲೆಗೆ ಇಷ್ಟು ಶಕ್ತಿಯಿದೆಯೇ ಎಂದು ನಾನು ಟೋಪಿ ನೆಟ್ಟಗೆ ಮಾಡಿಕೊಂಡೆ. ಒಂದೇ ಒಂದು ಸಂಗತಿ ನಾನು ಮರೆತಿದ್ದೆ. ನಮ್ಮ ಓಣಿಗೆ ಬರುವ ನೀರಿನ ಟ್ಯಾಂಕರಿನ ಹಾರ್ನ್ ಕೆಟ್ಟು ಬಹಳ ದಿನವಾಗಿತ್ತು. ಡ್ರೈವರ್ ಸೀಟಿ ಊದುತ್ತಿದ್ದ. ನಾಲ್ಕು ದಿನದಿಂದ ಆ ಸೀಟಿಗಾಗಿ ಓಣಿ ಕಿವಿ ತೆರೆದುಕೊಂಡು ಕೂತಿತ್ತು.

ಟ್ಯಾಂಕರ್ ಕಾಣಲಿಲ್ಲ, ನಾನು ಕಂಡೆ. ಬೆನ್ನ ಮೇಲೆ ಟಾಕಿ, ಅದಕ್ಕೆ ನಳ, ಎದೆಗೆ ಮಾಪಕ, ಮೈತುಂಬ ಪೈಪು. ಸಣ್ಣ ಓಣಿಗೆ ದೊಡ್ಡ ಗಾಡಿ ಬರುವುದಿಲ್ಲವೆಂದು ಸರ್ಕಾರ ಆಳಿನ ಮೇಲೆ ಹೇರಿ ಕಳಿಸಿದೆ ಎಂದು ಜನ ತೀರ್ಮಾನಿಸಿದರು. ಯೋಚಿಸಿದರೆ ಅವರ ತಪ್ಪೇನೂ ಇಲ್ಲ.

"ಅಣ್ಣಾ, ಮನಿಗೆ ಎಷ್ಟು ಕೊಡ ರೀ?"

"ಎಲ್ಲರೂ ವಾಚನಾಲಯಕ್ಕ ಬರ್ರಿ! ಅಲ್ಲಿ ಎಲ್ಲರಿಗೂ ಸಿಗ್ತದ!" ಎಂದೆ ನಾನು. ಪುಸ್ತಕದ ಮಾತು ಹೇಳಿದ್ದೆ, ದೇವರಾಣೆ.

ಮೇಜಿನ ಹಿಂದೆ ಒಬ್ಬನೇ ಕೂತಿದ್ದ ಗೌತಮ ಈ ಮೆರವಣಿಗೆ ನೋಡಿ ಎದ್ದು ನಿಂತ. ಅವನ ಮುಖದಲ್ಲಿ ಅಂಥ ನಗು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

"ಬರ್ರಿ, ಬರ್ರಿ! ತಗೊಂಡು ನೋಡ್ರಿ, ರೊಕ್ಕ ಆಮ್ಯಾಲ!" ಎಂದು ಎರಡೂ ಕೈಯಿಂದ ಪುಸ್ತಕ ಹಂಚಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೇಜು ಖಾಲಿ! ಕೆಲವರು ಎರಡೆರಡು ಕೇಳಿದರು. "ಅಣ್ಣಾ, ಎರಡನೇ ಭಾಗ ನಾಳಿಂದನೇ ಚಾಲೂ ಮಾಡ್ತೇನಿ" ಎಂದು ಗೌತಮ ನನ್ನ ಕೈ ಹಿಡಿದ. ಹೆಬ್ಬೆರಳಿನ ಹಲ್ಲುಚಕ್ರ ಅವನಿಗೆ ಚುಚ್ಚಿತು, ಅವನಿಗೆ ಗೊತ್ತೂ ಆಗಲಿಲ್ಲ.

ನಾನು ಕನ್ನಡಕ ಮೇಲೆತ್ತಿ ನೋಡಿದೆ. ಅಂಗಳದಿಂದ ರಸ್ತೆಯವರೆಗೆ 'ಹಬೆಪಟ್ಟಣ' ನೆಲದ ಮೇಲೆ ಸಾಲಾಗಿ ಮಲಗಿತ್ತು. ಪ್ರತಿ ಪುಸ್ತಕದ ಮೇಲೆ ಒಂದು ಕಲ್ಲು.

ಇದು ನಮ್ಮ ಓಣಿಯ ರಿವಾಜು. ನೀರಿನ ಪಾಳಿಗೆ ಬಿಸಿಲಲ್ಲಿ ಯಾರೂ ನಿಲ್ಲುವುದಿಲ್ಲ. ಕಳುವಾದೀತೆಂದು ಕೊಡ ಮಾತ್ರ ಕೈಯಲ್ಲೇ ಹಿಡಿದು, ಚಪ್ಪಲಿ, ಇಟ್ಟಂಗಿ, ಹರಿದ ಚೀಲ, ಏನಾದರೊಂದು ಇಟ್ಟು ನೆರಳಿಗೆ ಹೋಗುತ್ತಾರೆ. ಇಟ್ಟ ವಸ್ತುವೇ ಇಟ್ಟವರ ಜಾಗ. ಆ ದಿನ ಎಲ್ಲರೂ ಬರಿಗಾಲಲ್ಲಿ ಓಡಿ ಬಂದಿದ್ದರು, ಇಡಲು ಏನೂ ಇರಲಿಲ್ಲ. ಗೌತಮ ಕೊಟ್ಟ. ಎರಡು ಕೇಳಿದವರು ನೆರೆಮನೆಯವರ ಪಾಳಿಯನ್ನೂ ಹಿಡಿದಿದ್ದರು!

ಅಷ್ಟರಲ್ಲಿ ತಾಳ್ಮೆ ಕಳೆದ ಯಾರೋ ನನ್ನ ಹಿಂದೆ ಬಂದು ನಳ ತಿರುವಿದರು. ಬುಸ್ ಎಂದು ಬಿಸಿ ಹಬೆ ಬಂತು. ಹಿಂದೆಯೇ ಒಂದು ಲೋಟದಷ್ಟು ಕುದಿಯುವ ನೀರು. ಅಷ್ಟೇ.

"ಇಷ್ಟೇ ಏನು?"

"ಇದು ನೀರು ಕೊಡೋ ಟಾಕಿ ಅಲ್ಲರಿ. ನಾನು ಇಂಜನ್ ಈರಣ್ಣ. ಕಥಿಯೊಳಗ…"

"ಕುಡಿಲಿಕ್ಕ ನೀರಿಲ್ಲ, ಇಂವಾ ನೀರು ಕುದಿಸಿ ಸೀಟಿ ಹೊಡಿಲಿಕತ್ತಾನ!" ಎಂದು ಗುಂಪಿನಿಂದ ಒಬ್ಬಳು ಕಿರುಚಿದಳು. ಧ್ವನಿ ಪರಿಚಯದ್ದು. ಹಿಟ್ಟಿನ ಡಬ್ಬಿ ಹಿಡಿದು ಸುನಂದಾ ನಿಂತಿದ್ದಳು.

ಗಾಬರಿಯಲ್ಲಿ ನಾನು ಹಿಂದೆ ಸರಿದು ವಾಚನಾಲಯದ ಕಟ್ಟೆಗೆ ಎಡವಿ ಅಂಗಾತ ಬಿದ್ದೆ. ಬಂಬ ಢಣ್ ಎಂದಿತು. ಮುಚ್ಚಳ ಒಂದು ಕಡೆ, ಸೀಟಿ ಇನ್ನೊಂದು ಕಡೆ ಹಾರಿತು. ಅರೆಬೆಂದ ಕಣಕ ಗೌತಮ ಮೇಜಿನ ಹಿಂದೆ ತೂಗುಹಾಕಿದ್ದ 'ಹಬೆಪಟ್ಟಣ'ದ ಫಲಕಕ್ಕೆ ಅಂಟಿತು. ಅದೇ ಗಳಿಗೆಗೆ ರಸ್ತೆಯಲ್ಲಿ ನಿಜವಾದ ಸೀಟಿ ಕೇಳಿತು. ಟ್ಯಾಂಕರ್!

ಜನ ಎದ್ದುಬಿದ್ದು ಓಡಿದರು. ಪಾಳಿ ಮುರಿಯಿತು. ಕಲ್ಲು ಉರುಳಿದವು, ಪುಸ್ತಕಗಳ ಮೇಲೆ ಕಾಲು ಬಿದ್ದವು. ಟ್ಯಾಂಕರಿನ ಪೈಪು ಸೋರಿ ಅಂಗಳದ ಇಳಿಜಾರಿಗೆ ನೀರು ಹರಿಯಿತು. 'ಹಬೆಪಟ್ಟಣ'ಕ್ಕೆ ಕೊನೆಗೂ ನೀರು ಬಂತು. ಗೌತಮ ಒಂದೊಂದೇ ಪುಸ್ತಕ ಎತ್ತಿ ಅಂಗಿಗೆ ಒರೆಸಿಕೊಂಡ. ನಾನು ಬೆನ್ನ ಮೇಲೆ ಬಿದ್ದ ಆಮೆಯ ಹಾಗೆ ಪಟ್ಟಿ ಬಿಚ್ಚಲಾಗದೆ ಒದ್ದಾಡುತ್ತಿದ್ದೆ. ಅವನಿಗೆ ಸಹಾಯ ಮಾಡಬೇಕಾದ ಹೊತ್ತಿನಲ್ಲಿ ಅವನೇ ಬಂದು ನನ್ನನ್ನು ಎಬ್ಬಿಸಬೇಕಾಯಿತು.

ನೂಕಾಟಕ್ಕೆ ಹೋಗಲಾರದೆ ನಮ್ಮ ಪಕ್ಕದ ಮನೆಯ ಮುದುಕಿ ಕಾಶಿಬಾಯಿ ಕಟ್ಟೆಯ ಮೇಲೆ ಖಾಲಿ ಕೊಡದ ಜೊತೆ ಕೂತಿದ್ದಳು. ಮಗ, ಸೊಸೆ ಪುಣೆ ಕಡೆ ಇಟ್ಟಂಗಿ ಭಟ್ಟಿಗೆ ಹೋಗಿದ್ದರು. ಅವಳ ತೊಡೆಯ ಮೇಲೆ ಒಂದು 'ಹಬೆಪಟ್ಟಣ' ತೆರೆದಿತ್ತು. ಓದು ಬಾರದು, ಪುಟ ಪುಟ ನಿಧಾನಕ್ಕೆ ತಿರುವುತ್ತಿದ್ದಳು. ಗೌತಮ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಇಡೀ ದಿನದಲ್ಲಿ ಅವನಿಗೆ ಸಿಕ್ಕ ಓದುಗರೆಂದರೆ ಇವಳೊಬ್ಬಳೇ.

"ಹ್ಯಾಂಗ ಅದ ಆಯಿ?" ಎಂದು ಕೇಳಿದ.

ಅವಳು ಕೊನೆಯ ಪುಟದ ಮೇಲೆ ಬೆರಳಿಟ್ಟಳು. ಮನೆ ಮನೆಯ ಬಾಗಿಲಲ್ಲಿ ನಳ ಸುರಿಯುವ ಆ ಓಣಿಯ ಮೇಲೆ.

"ಇದು ಯಾವ ಓಣಿ ಆಗ್ತದೋ ತಮ್ಮಾ? ನಡಕೋತ ಹೋಗಲಿಕ್ಕ ಆಗ್ತದೇನು?"

ಗೌತಮ ಎದ್ದ. ಆಮೇಲೆ ಅವಳ ಕೊಡ ಎತ್ತಿಕೊಂಡು ಟ್ಯಾಂಕರಿನ ಕಡೆ ನಡೆದ. ಅರ್ಧ ಕೊಡ ಸಿಕ್ಕಿತು. ತಂದುಕೊಟ್ಟ. ಪುಸ್ತಕ ವಾಪಸು ಕೇಳಲಿಲ್ಲ.

ಸೋಮವಾರ ಬಸ್ಸಿನ ಕಿಟಕಿಯಲ್ಲಿ ಕೂತು, "ಅಣ್ಣಾ, ನೀವು ಭಾಳ ಕಷ್ಟಪಟ್ರಿ" ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನನಗೆ ಅಳು ಬಂತು. ಬಂಬ ಸುಟ್ಟ ಬೆನ್ನ ಬೊಬ್ಬೆ ಉರಿಯುತ್ತದೆ ಎಂದು ಸುಳ್ಳು ಹೇಳಿದೆ.

ಈಗ ಬಳಗದಲ್ಲಿ ಅಧ್ಯಕ್ಷ ಒಬ್ಬನೇ ಇದ್ದೇನೆ. ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಪಾಸಾಗುತ್ತವೆ! ಬಂಬದ ಹೊಟ್ಟೆ ಒಳಗೆ ಹೋಗಿದೆ. ಸುನಂದಾ ಅದನ್ನು ಹೊಸ್ತಿಲ ಪಕ್ಕ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದಾಳೆ. ಕುಕ್ಕರ್ ಇಡುವುದನ್ನು ಬಿಟ್ಟಿದ್ದಾಳೆ. ಇಟ್ಟರೆ ಸೀಟಿ ಕೇಳಿ ನಾಲ್ಕು ಮನೆಯವರು ಕೊಡ ತರುತ್ತಾರೆ.

ನಾನು ಗಂಜಿನ ಅಂಗಡಿಗೆ ಹೊರಟಾಗಲೆಲ್ಲ ಕಾಶಿಬಾಯಿ ಆ ಪುಸ್ತಕ ಸೆರಗಿನಿಂದ ತೆಗೆಯುತ್ತಾಳೆ. ಈಗ ಇಡೀ ಓಣಿಗೆ ನನ್ನ ಹೆಸರು ಈರಣ್ಣ.

"ಈರಣ್ಣಾ, ಆ ಓಣಿ ಎಲ್ಲಿ ಅದ ಅಂತ ಆ ತಮ್ಮನ ಕೇಳಿದೇನಪ್ಪಾ?"

ಇವತ್ತು ಕೇಳ್ತೇನಿ ಆಯಿ ಎನ್ನುತ್ತೇನೆ. ಈಚೆಗೆ ಅದೂ ಆಗದೆ ಹಿತ್ತಲ ಬಾಗಿಲಿನಿಂದ ಅಂಗಡಿಗೆ ಹೋಗುತ್ತೇನೆ. ಓಣಿ ಓಣಿಗೆ ನೀರು ಹರಿಸುವ ಇಂಜನ್ ಈರಣ್ಣ ನಾನೇ, ಒಬ್ಬ ಮುದುಕಿಯ ಕಣ್ಣು ತಪ್ಪಿಸಿ, ಹಳೆ ಗೋಡೆಯ ಸಂದಿಯಲ್ಲಿ ಅಡ್ಡಡ್ಡ ನುಸುಳಿ.