‘ಅಷ್ಟೇನಿಲ್ಲ’ ಎಂಬ ಉತ್ತರಕ್ಕೆ ಗಂಡು-ಹೆಣ್ಣುವಾರು ಅಂಕ ನೀಡುವ ಕುರಿತು

ನೋವು ಅಳತೆ ವಿಭಾಗ, ಜಿಲ್ಲಾ ಆಸ್ಪತ್ರೆ, ಉತ್ತರ ಮಿನೆಸೋಟಾ

ಸಂಖ್ಯೆ: ನೋಅ/ಶಸ್ತ್ರ/ಅಷ್ಟೇನಿಲ್ಲ/14

ವಿಷಯ: ಶಸ್ತ್ರಚಿಕಿತ್ಸೆಯ ನಂತರ ನೋವು ನಿವಾರಕ ಮಾರ್ಫಿನ್ ಪಡೆದ ಸ್ತ್ರೀಯರ ನೋವು, ಔಷಧಿ ಪ್ರಮಾಣದ ಕೋಷ್ಟಕದ ಪ್ರಕಾರ ನಿಲ್ಲದಿರುವ ಬಗ್ಗೆ.

ಉಲ್ಲೇಖ: ನರ್ಸ್ ಮಾರಿಟ್ ಅವರ ದೂರು (ಮೂರನೆಯದು).

1. ಒಂದೇ ದಿನ ಪಿತ್ತಕೋಶ ತೆಗೆಸಿಕೊಂಡ 9ನೇ ಹಾಸಿಗೆಯ ಶ್ರೀ ಡ್ವೇನ್ ಲಿಂಡ್‌ಕ್ವಿಸ್ಟ್ ಹಾಗೂ 14ನೇ ಹಾಸಿಗೆಯ ಶ್ರೀಮತಿ ಆರ್ಡಿಸ್ ಟಾಲೆಫ್ಸನ್ ಅವರಿಗೆ ಸಮಪ್ರಮಾಣದ ಮಾರ್ಫಿನ್ ನೀಡಲಾಗಿರುತ್ತದೆ. ಸದರಿ ಶ್ರೀಯವರು ಗೊರಕೆ ಹೊಡೆದಿರುತ್ತಾರೆ. ಸದರಿ ಶ್ರೀಮತಿಯವರು ಎರಡು ಬಾರಿ ವಾಂತಿ ಮಾಡಿಕೊಂಡು, ನೋವನ್ನೂ ಹಾಗೆಯೇ ಉಳಿಸಿಕೊಂಡಿರುತ್ತಾರೆ.

2. ಕೋಷ್ಟಕವನ್ನು ಗಂಡಸರ ಮೇಲೆಯೇ ಪರೀಕ್ಷಿಸಿ ಸಿದ್ಧಪಡಿಸಲಾಗಿದ್ದು, ಕೆಳಗೆ ಸಹಿ ಮಾಡಿರುವವರ ಹರ್ನಿಯಾಕ್ಕೂ ಅದು ಫಲ ಕೊಟ್ಟಿರುವುದರಿಂದ, ಕೋಷ್ಟಕ ಸರಿಯಾಗಿಯೇ ಇದೆ. ಔಷಧಿ ಕೊಟ್ಟ ನಲವತ್ತು ನಿಮಿಷಗಳ ನಂತರವೂ ಉಳಿಯುವ ನೋವನ್ನು ‘ಅನಧಿಕೃತ ನೋವು’ ಎಂದು ಪರಿಗಣಿಸತಕ್ಕದ್ದು.

3. ಈ ಭಾಗದ ಜನ ಕಾಲು ಮುರಿದರೂ ‘ಅಷ್ಟೇನಿಲ್ಲ’ ಎನ್ನುವ ಕಾರಣ, ಗಂಡಸಿನ ‘ಅಷ್ಟೇನಿಲ್ಲ’ಕ್ಕೆ ಹತ್ತರಲ್ಲಿ ಎಂಟು ಅಂಕ ಹಾಗೂ ಹೆಂಗಸಿನದಕ್ಕೆ ಎರಡು ಅಂಕ ನೀಡತಕ್ಕದ್ದು. ಹೆಂಗಸು ತಾನಾಗಿಯೇ ಎಂಟು ಎಂದಲ್ಲಿ ಅದನ್ನು ‘ಗಾಬರಿ’ ಅಂಕಣದಲ್ಲಿ ನಮೂದಿಸತಕ್ಕದ್ದು.

4. ನೋವೆಷ್ಟು ಎಂದು ಕೇಳಿದಾಗ, ರೋಗಿಗಳು ‘ನಿಂದು ಊಟ ಆಯ್ತಾ ತಾಯಿ’ ಎಂದು ನರ್ಸನ್ನೇ ವಿಚಾರಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ವಿಚಾರಿಸಿದ್ದಲ್ಲಿ ಒಂದು ಅಂಕ ಕಡಿತ.

5. ಔಷಧಿಯಿಂದ ವಾಂತಿಯಾಗುವ ಸ್ತ್ರೀಯರು ಒಂದು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

6. ಶ್ರೀಮತಿ ಟಾಲೆಫ್ಸನ್ ಇಂದು ಬೆಳಿಗ್ಗೆ, ತಮ್ಮ ಎಪ್ಪತ್ತೊಂದು ವರ್ಷಗಳ ಬಾಳಿನಲ್ಲಿ ಮೊದಲ ಬಾರಿಗೆ, “ನೋಯ್ತಿದೆ ಕಣಮ್ಮಾ, ತಡ್ಕೊಳ್ಳೋಕಾಗ್ತಿಲ್ಲ” ಎಂದಿರುವುದಾಗಿ ವರದಿಯಾಗಿದೆ. ಈ ಉತ್ತರಕ್ಕೆ ನಮೂನೆಯಲ್ಲಿ ಅಂಕಣವಿರುವುದಿಲ್ಲ. ಹೊಸ ನಮೂನೆ ಮುದ್ರಣವಾಗಿ ಬರುವವರೆಗೆ ಸದರಿಯವರು ಕಾಯತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ವೆಂಡೆಲ್ ಓಸ್ಟ್‌ಬಿ
ಮುಖ್ಯಾಧಿಕಾರಿ, ನೋವು ಅಳತೆ ವಿಭಾಗ

ಪ್ರತಿಗಳು:

1. 9ನೇ ಹಾಸಿಗೆ: ಎಚ್ಚರವಾದ ಮೇಲೆ.

2. ನರ್ಸ್ ಮಾರಿಟ್: ಚಾಚೂ ತಪ್ಪದೆ ಪಾಲಿಸಲು.
(ಷರಾ: ಕಾಯಲಿಲ್ಲ. ಡಾಕ್ಟರನ್ನ ಕರೆಸಿ ಔಷಧಿ ಬದಲಾಯಿಸಿದ್ದಾಯ್ತು. ಮಾರಿಟ್)

3. 14ನೇ ಹಾಸಿಗೆ: ಖುದ್ದಾಗಿ ಓದಿ ಹೇಳಲು.
(ಷರಾ: ಅಜ್ಜಿ ನೋವಿಳಿದು ಈಗಷ್ಟೇ ನಿದ್ದೆ ಹೋಗಿದ್ದಾರೆ. ಇದನ್ನ ಓದೋಕೆ ಅಂತ ಯಾರಾದ್ರೂ ಎಬ್ಬಿಸಿದ್ರೆ, ನೋವು ಹತ್ತಕ್ಕೆ ಎಷ್ಟು ಅಂತ ಅವರಿಗೆ ನಾನೇ ತೋರಿಸ್ತೀನಿ. ಮಾರಿಟ್)