ಸುಡಾನಿಗೆ ಹೊರಟ ಬೋರಿಂಗ್ ಮೆಕ್ಯಾನಿಕ್

ನಾನು ಎಲ್ಲಿಗಾದರೂ ಹೊರಟೆ ಅಂದರೆ ಸಾಕು, ಚಪ್ಪಲಿ ಮೆಟ್ಟುವ ಮೊದಲೇ ಏನಾದರೊಂದು ನಗೆಪಾಟಲು ಶುರುವಾಗುತ್ತದೆ. ಹಾಸನಕ್ಕೆ ಹೊರಟರೂ ಅಷ್ಟೇ. ದಕ್ಷಿಣ ಸುಡಾನಿಗೆ ಹೊರಟರೂ ಅಷ್ಟೇ ಅನ್ನುವುದು ಈಚೆಗೆ ಗೊತ್ತಾಯಿತು.

ಹೊಳೆನರಸೀಪುರ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಕೈಪಂಪು ರಿಪೇರಿ ಮಾಡಿದವನು ನಾನು. ಕೈಪಂಪು ಅಂದರೆ ನಮ್ಮ ಜನ ಬೋರಿಂಗು ಅನ್ನುತ್ತಾರಲ್ಲ, ಅದು. ಮನೆಮನೆಗೆ ನಲ್ಲಿ ಬಂತು. ಬೋರಿಂಗೂ ನಿವೃತ್ತವಾಯಿತು, ನಾನೂ ನಿವೃತ್ತನಾದೆ. ಆಗ ಬೆಂಗಳೂರಿನ ಒಂದು ಸೇವಾಸಂಸ್ಥೆಯಿಂದ ಫೋನ್ ಬಂತು. ದಕ್ಷಿಣ ಸುಡಾನಿನಲ್ಲಿ ಗಲಭೆಗೆ ಹೆದರಿ ಊರು ಬಿಟ್ಟವರ ಶಿಬಿರಗಳಿವೆ, ಅಲ್ಲಿರುವುದೂ ನಮ್ಮ ದೇಶದ ಮಾದರಿಯ ಬೋರಿಂಗುಗಳೇ, ಅರ್ಧಕ್ಕರ್ಧ ಕೆಟ್ಟು ನಿಂತಿವೆ, ಮೂರು ತಿಂಗಳು ಹೋಗಿ ಅಲ್ಲಿನವರಿಗೆ ರಿಪೇರಿ ಕಲಿಸಿಕೊಡುತ್ತೀರಾ ಅಂತ ಕೇಳಿದರು. ನನ್ನ ಕೈಕಸುಬು ಇನ್ನೂ ಎಲ್ಲೋ ಬೇಕಾಗಿದೆಯಲ್ಲ ಅಂತ ಬಹಳ ಖುಷಿಯಾಯಿತು. ಆ ಮಣ್ಣು ಎಂಥದು, ನೀರು ಎಷ್ಟು ಆಳದಲ್ಲಿದೆ ಅಂತ ನೋಡುವ ಕುತೂಹಲ ಬೇರೆ. ಹೂಂ ಅಂದುಬಿಟ್ಟೆ.

ತೊಡಕು ಒಂದೇ. ಒಪ್ಪಿಗೆ ಪತ್ರದ ಮೇಲೆ ಹೆಂಡತಿಯ ಸಹಿ ಬೇಕು. ಅವಳು ಟಿವಿಯಲ್ಲಿ ಆ ಕಡೆಯ ಬಂದೂಕುಗಳನ್ನು ನೋಡಿದ್ದಳು. "ಸೈನ್ ಬೇಕಾದ್ರೆ ಬೇರೆ ಹೆಂಡ್ತಿ ನೋಡ್ಕಳಿ" ಅಂದವಳೇ ಒಳಗೆ ಹೋದಳು. ಆ ಸಹಿ ಸಿಗುವವರೆಗೆ ನಡೆದದ್ದು ಇಷ್ಟು.

ಯಾವ ವಾರ್ಡು?

ಸುದ್ದಿ ಮೊದಲು ಮುಟ್ಟಿದ್ದು ಹೊಳೆನರಸೀಪುರದಲ್ಲಿ ನಾನು ಕ್ಷೌರಕ್ಕೆ ಹೋಗುವ ಅಂಗಡಿಗೆ. ಕತ್ತರಿ ಹಿಡಿದವನು ಕೇಳಿದ, "ಎಲ್ಲಿಗೋ ಒಂಟಿದ್ದೀರಂತೆ ಸಾ?"

"ದಕ್ಷಿಣ ಸುಡಾನಿಗೆ."

"ದಕ್ಷಿಣ ತಾನೇ? ಅಂಗಾರೆ ಯೋಚ್ನೆ ಇಲ್ಲ ಬುಡಿ. ಅನ್ನ ಸಾರು ಸಿಕ್ತದೆ. ಉತ್ತರಕ್ಕೋದ್ರೇ ನೋಡಿ ತಾಪತ್ರಯ, ಮೂರೊತ್ತೂ ಚಪಾತಿ."

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಹಿರಿಯರು ಪೇಪರ್ ಮಡಿಸಿ ಕೆಳಗಿಟ್ಟರು. "ಸಂಬಳ ಎಂಗೆ?" ಅಂತ ಕೇಳಿದರು. ಸಂಬಳ ಇಲ್ಲ, ಸೇವೆ ಅಂದೆ. ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಹತ್ತಿರ ಬಂದು, ದನಿ ತಗ್ಗಿಸಿ, "ಯಾವ್ ವಾರ್ಡಿಂದ ನಿಲ್ತೀಯಪ್ಪ?" ಅಂದರು.

"ಚುನಾವಣೆ ಅಲ್ಲ ಯಜಮಾನ್ರೇ, ನಿಜವಾಗ್ಲೂ ಸೇವೆ."

"ಸಂಬಳ ಇಲ್ದೆ ಜನಸೇವೆ ಮಾಡ್ತೀನಿ ಅಂದೋರು ಮುಂದೆ ಏನಾಯ್ತಾರೆ ಅಂತ ಈ ಊರಿಗೆ ಗೊತ್ತಿಲ್ವಾ?" ಅಂತ ನಕ್ಕು, ಉಳಿದವರ ಕಡೆ ತಿರುಗಿ ಅಂದರು: "ನೋಡ್ರಪ್ಪಾ, ಎಲ್ರೂ ಪಕ್ಕದ್ ಬೀದಿಯಿಂದ ಪ್ರಚಾರ ಸುರು ಮಾಡುದ್ರೆ ಇವನು ಆಫ್ರಿಕಾದಿಂದ ಸುರು ಮಾಡ್ತಾವ್ನೆ!"

ಪ್ರಾಕ್ಟೀಸು

ಬೋರಿಂಗು ಬಿಚ್ಚಿ ಏಳೆಂಟು ವರ್ಷವಾಗಿತ್ತು. ಅಲ್ಲಿ ಹೋಗಿ ನಟ್ಟು ಬೀಳಿಸಿಕೊಂಡು ನಿಂತರೆ ಮರ್ಯಾದೆ ಪ್ರಶ್ನೆ. ಒಂದನ್ನಾದರೂ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಳ್ಳೋಣ ಅಂತ ಸ್ಕೂಟರ್ ಹತ್ತಿದೆ. ಹುಡುಕಿದರೆ ಬೋರಿಂಗೇ ಇಲ್ಲ! ಒಂದು ಕಡೆ ಹಿಡಿಕೆಗೆ ಎಮ್ಮೆ ಕಟ್ಟಿದ್ದರು. ಇನ್ನೊಂದು ಕಡೆ ಅದರ ತಲೆಯ ಮೇಲೆ ಯಾರದೋ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದರು. ಕೊನೆಗೆ ಹಳ್ಳಿಮೈಸೂರಿನ ಆಚೆ ಒಂದು ಊರಿನಲ್ಲಿ ಅರಳಿಕಟ್ಟೆ ಪಕ್ಕ ತುಕ್ಕು ಹಿಡಿದ ಒಂದು ಸಿಕ್ಕಿತು. ಅಲ್ಲಿದ್ದವರನ್ನು ಕೇಳಿ, ಸ್ಪ್ಯಾನರ್ ತೆಗೆದು ಕೂತೆ.

ಕೊಳವೆಯೊಳಗಿನ ಕಬ್ಬಿಣದ ಸರಳು ಒಂದೊಂದಾಗಿ ಮೇಲೆ ಬರುವಷ್ಟರಲ್ಲಿ ಅರ್ಧ ಊರು ಸುತ್ತ ನಿಂತಿತ್ತು. "ಯಾವ್ ಯೋಜ್ನೆ ಸಾ ಇದು?" ಅಂತ ಒಬ್ಬ ಕೇಳಿದ. ಯೋಜನೆ ಅಲ್ಲ, ಆಫ್ರಿಕಾಕ್ಕೆ ಹೋಗುತ್ತಿದ್ದೇನೆ, ಅಲ್ಲಿ ಯುದ್ಧ ಆಗಿ ಜನಕ್ಕೆ ನೀರಿಲ್ಲ, ಅದಕ್ಕೆ ಪ್ರಾಕ್ಟೀಸು ಅಂತ ವಿವರವಾಗಿ ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸವೆದ ವಾಷರ್ ಬದಲಾಯಿಸಿ, ಮತ್ತೆ ಜೋಡಿಸಿ ಹಿಡಿಕೆ ಒತ್ತಿದೆ. ಇಪ್ಪತ್ತು ಸಲ ಬರೀ ಗಾಳಿ. ಆಮೇಲೆ ಕೆಂಪು ನೀರು. ಆಮೇಲೆ ಒಳ್ಳೆ ನೀರು ದಬದಬ ಬಂತು. ನನಗೆ ಮೈ ಜುಂ ಅಂದಿತು.

ಒಬ್ಬ ಅಜ್ಜಿ ಬೊಗಸೆ ಒಡ್ಡಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಂದಳು, "ಅಲ್ಲ ಕಣಪ್ಪ, ನಮ್ಮೂರ್ ಬೋರಿಂಗ್ ರಿಪೇರಿ ಆಗಾಕೆ ಆಫ್ರಿಕಾದಲ್ಲಿ ಯುದ್ಧ ಆಗ್ಬೇಕಾಯ್ತಲ್ಲ!"

ಕೈ ಕಾಣುವಂತಿರಲಿ

ಸಂಸ್ಥೆಯವರು ಫೋನಿನಲ್ಲೇ ಸುರಕ್ಷತೆಯ ಪಾಠ ಮಾಡಿದರು. ದಾರಿಯಲ್ಲಿ ಬಂದೂಕಿನವರು ಗಾಡಿ ನಿಲ್ಲಿಸಿದರೆ ಎಂಜಿನ್ ಆಫ್ ಮಾಡಬೇಕು, ಕಪ್ಪು ಕನ್ನಡಕ ತೆಗೆಯಬೇಕು, ಎರಡೂ ಕೈ ಕಾಣುವಂತಿಡಬೇಕು, ಜೇಬಿಗೆ ಕೈ ಹಾಕುವ ಮುಂಚೆ ಹೇಳಿಯೇ ಹಾಕಬೇಕು, ಎದುರು ಮಾತಾಡಲೇಬಾರದು. ನಾನು ದಿನಾ ಬಾಯಿಪಾಠ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಪುಕುಪುಕು ಇತ್ತು. ಮನೆಯಲ್ಲಿ ಹೇಳುವಂತಿರಲಿಲ್ಲ ಅಷ್ಟೇ.

ಒಂದು ದಿನ ಚನ್ನರಾಯಪಟ್ಟಣದಿಂದ ಬರುವಾಗ ದಾರಿಯಲ್ಲಿ ಪೊಲೀಸರು ಗಾಡಿ ತಪಾಸಣೆ ಮಾಡುತ್ತಿದ್ದರು. ಕೈ ತೋರಿಸಿದ್ದೇ ತಡ, ಪಾಠವೆಲ್ಲ ತಾನಾಗಿ ಹೊರಗೆ ಬಂತು. ಎಂಜಿನ್ ಆಫ್ ಮಾಡಿದೆ. ಕನ್ನಡಕ ತೆಗೆದೆ. ಎರಡೂ ಕೈ ಎದೆಮಟ್ಟಕ್ಕೆ ಎತ್ತಿ, ನಿಧಾನವಾಗಿ ಹೇಳಿದೆ: "ನಮಸ್ಕಾರ. ನನ್ನ ಹತ್ರ ಆಯುಧ ಇಲ್ಲ. ಈಗ ಬಲಗೈಯನ್ನ ಜೇಬಿಗೆ ಹಾಕ್ತೀನಿ. ಹಾಕಬಹುದಾ?"

ಪೇದೆ ಎರಡು ಹೆಜ್ಜೆ ಹಿಂದೆ ಸರಿದು ಸಾಹೇಬರನ್ನು ಕರೆದ. ಸೀಟು ಎತ್ತಿಸಿದರು, ಡಿಕ್ಕಿ ನೋಡಿದರು. ಸಿಕ್ಕಿದ್ದು ಸ್ಪ್ಯಾನರು, ವಾಷರು, ಒಂದು ಕಟ್ಟು ಮೆಂತ್ಯಸೊಪ್ಪು. ಕಾಗದಪತ್ರವೆಲ್ಲ ಸರಿಯಾಗಿದ್ದವು. ಆದರೂ ಸಾಹೇಬರ ಅನುಮಾನ ಹೋಗಲಿಲ್ಲ.

"ಯಾವೂರು?"

"ಇಲ್ಲೇ, ಹೊಳೆನರಸೀಪುರ ಸಾರ್."

"ಸುಳ್ಳೇಳ್ಬೇಡಿ. ನಮ್ ಕಡೆಯೋರಾದ್ರೆ ಗಾಡಿ ನಿಲ್ಸಿದ್ ಕೂಡ್ಲೇ ಯಾರಿಗಾದ್ರೂ ಫೋನ್ ಮಾಡಿ ನನ್ ಕೈಗೆ ಕೊಡ್ತಾರೆ. ನಿಜ ಹೇಳಿ, ಎಲ್ಲಿಂದ ಬಂದಿದ್ದೀರಾ?"

ನುಂಗುವುದೋ ಅಗಿಯುವುದೋ

ಅಲ್ಲಿನ ಶಿಬಿರದ ಪಂಪಿನ ಕೆಲಸಗಾರನೊಬ್ಬ ವೀಡಿಯೊ ಕಾಲ್ ಮಾಡಿದ. ನನ್ನ ಇಂಗ್ಲಿಷು ಪಂಪಿನ ಬಿಡಿಭಾಗಗಳ ಹೆಸರು ದಾಟಿ ಮುಂದೆ ಹೋಗುವುದಿಲ್ಲ, ಅವನದೂ ಹೆಚ್ಚುಕಡಿಮೆ ಅಷ್ಟೇ, ಮಿಕ್ಕಿದ್ದೆಲ್ಲ ಕೈಸನ್ನೆ. ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. ಅವನು ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ದುಂಡಗೆ, ಹೊಗೆಯಾಡುತ್ತಾ, ಸಾಕ್ಷಾತ್ ಮುದ್ದೆ! ಜೋಳದ ಹಿಟ್ಟಿನದಂತೆ. ಜೊತೆಗೆ ಬೆಂಡೆಕಾಯಿ ಸಾರು.

ಇದುವರೆಗೆ ನನಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಎದ್ದು ಬಂದು ಫೋನಿನೊಳಗೆ ಇಣುಕಿದಳು. "ಕೇಳ್ರೀ, ಅವರು ಅಗೀತಾರಾ, ನುಂಗ್ತಾರಾ?"

ಕೇಳಿದೆ. ಅಗಿಯುತ್ತೇವೆ, ಇನ್ನೇನು ಮಾಡುತ್ತಾರೆ ಅಂದ. ನಾವು ಅಗಿಯುವುದಿಲ್ಲ, ಹಾಗೇ ನುಂಗುತ್ತೇವೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹೆಂಡತಿ ಬೆಳಗಿನ ತಣ್ಣನೆ ಮುದ್ದೆ ತಂದು, ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳಕ್ಕನೆ ನುಂಗಿ ತೋರಿಸಿದಳು. ಅವನು ಊಟ ಬಿಟ್ಟು ಎದ್ದು ನಿಂತ. ಪಕ್ಕದವರನ್ನೆಲ್ಲ ಕರೆದ. ಇನ್ನೊಮ್ಮೆ ತೋರಿಸಿ ಅಂದ. ಇವಳು ಇನ್ನೊಂದು ನುಂಗಿದಳು.

ಹಗಲೂ ರಾತ್ರಿ ಗುಂಡಿನ ಸದ್ದು ಕೇಳಿ ಬೆಳೆದ ಆ ಮನುಷ್ಯ ಎದೆ ಮೇಲೆ ಕೈಯಿಟ್ಟು ಕೇಳಿದ: "ನಿಮ್ಮ ದೇಶದಲ್ಲಿ ಊಟ ಮಾಡೋದೇ ಇಷ್ಟು ಅಪಾಯವಾ? ನಿಮಗೆ ಭಯ ಆಗಲ್ವಾ?"

ಎರಡು ಚಮಚ

ಹೊರಡಲು ಹತ್ತು ದಿನವಿತ್ತು. ಸಹಿ ಇನ್ನೂ ಆಗಿರಲಿಲ್ಲ. ಆಗ ಸಂಸ್ಥೆಯ ಮೇಡಂ ಕೊನೆಯ ಕಾಗದದ ವಿಷಯ ಹೇಳಲು ಫೋನ್ ಮಾಡಿದರು. ಸ್ಪೀಕರಿಗೆ ಹಾಕಿದೆ. "ಸರ್, ಗಾಬರಿ ಆಗಬೇಡಿ. ಅಕಸ್ಮಾತ್ ಯಾರಾದರೂ ನಿಮ್ಮನ್ನ ಹಿಡಿದಿಟ್ಟುಕೊಂಡರೆ ನೀವು ಬದುಕಿದ್ದೀರಾ ಅಂತ ನಮಗೆ ತಿಳೀಬೇಕಲ್ಲ. ಅವರ ಮೂಲಕ ಒಂದು ಪ್ರಶ್ನೆ ಕಳಿಸ್ತೀವಿ. ಉತ್ತರ ನಿಮಗೂ ಮನೆಯವರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಬಾರದು. ಅಂಥ ಒಂದು ಪ್ರಶ್ನೆ ಕೊಡಿ."

ಹೆಂಡತಿಯ ಮುಖ ಬಿಳಿಚಿಕೊಂಡಿತು. ವಾತಾವರಣ ತಿಳಿಯಾಗಲಿ ಅಂತ ನಾನು ಬೇಗ ಹೇಳಿದೆ, "ಚಿಕ್ಕಂದಿನಲ್ಲಿ ನನ್ನನ್ನ ಮನೇಲಿ ಏನಂತ ಕರೀತಿದ್ರು?"

"ಗುಂಡು!" ಅಂತ ಗೇಟಿನ ಹತ್ತಿರ ಹಾಲಿನವನು ಕೂಗಿದ.

"ಹೋಗ್ಲಿ, ನಮ್ಮ ಮದುವೆ ದಿನ ಧಾರೆಗೆ ತಡವಾದದ್ದು ಯಾಕೆ?"

ಸಾರಿಗೆ ಹುಣಸೆಹಣ್ಣು ಕೇಳಲು ಬಂದಿದ್ದ ಎದುರುಮನೆ ಅಕ್ಕ ಬಾಗಿಲಲ್ಲೇ ಉತ್ತರ ಕೊಟ್ಟರು. "ದಾರೀಲಿ ಯಾವ್ದೋ ಬೋರಿಂಗು ಕೆಟ್ಟಿತ್ತು ಅಂತ ಬಾಸಿಂಗ ಕಟ್ಕೊಂಡೇ ಬಿಚ್ಚಾಕೆ ಕೂತಿದ್ರಂತಲ್ಲ! ಅಲ್ಲ ಸಾ, ಹಿಡ್ಕೊಂಡೋರು ನಮ್ ಬೀದಿಗೊಂದು ಫೋನ್ ಮಾಡುದ್ರೆ ಸಾಕು, ಎಲ್ಲಾ ಉತ್ರಾನೂ ಸಿಕ್ತದೆ."

ಹೆಂಡತಿ ಫೋನ್ ತನ್ನ ಕಡೆ ಎಳೆದುಕೊಂಡಳು. "ಮೇಡಂ, ನಾನೊಂದು ಕೇಳ್ತೀನಿ. ಏನ್ರೀ, ನಾನು ಕಾಫಿಗೆ ಎಷ್ಟು ಚಮಚ ಸಕ್ಕರೆ ಹಾಕ್ಕಂತೀನಿ?"

ಅಬ್ಬಾ, ಸುಲಭದ್ದೇ ಕೇಳಿದಳು. "ಎರಡು" ಅಂದೆ, ಧೈರ್ಯವಾಗಿ.

ಎದುರುಮನೆ ಅಕ್ಕ ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡರು. "ಅಯ್ಯೋ ಸಾ, ಅವ್ರು ಕಾಫಿನೇ ಕುಡಿಯಾಕಿಲ್ವಲ್ಲ! ಟೀ ಕುಡೀತಾರೆ, ಅದೂ ಬೆಲ್ಲದ್ದು. ಇಡೀ ಬೀದಿಗೇ ಗೊತ್ತು."

ಗೇಟಿನಿಂದ ಹಾಲಿನವನೂ ಹೌದು ಅಂದ. ಇಪ್ಪತ್ತೊಂಬತ್ತು ವರ್ಷದ ಸಂಸಾರ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇನ್ನು ಸಹಿ ಈ ಜನ್ಮದಲ್ಲಿ ಸಿಗುವುದಿಲ್ಲ ಅಂತ ಖಾತ್ರಿಯಾಯಿತು.

ಮೇಡಂ ಸಂಕೋಚದಿಂದ ಅಂದರು, "ಸರ್, ಉತ್ತರ ತಪ್ಪು ಬಂದ್ರೆ ನಮ್ಮ ನಿಯಮದ ಪ್ರಕಾರ ನೀವು... ಬದುಕಿಲ್ಲ ಅಂತ."

"ಬಿಡ್ತು ಅನ್ನಿ ಮೇಡಂ!" ಹೆಂಡತಿ ಗದರಿದಳು. "ಎರಡು ಚಮಚ ಅಂತ್ಲೇ ಬರ್ಕಳಿ. ಸರಿ ಉತ್ತರ ಊರಿಗೆಲ್ಲ ಗೊತ್ತು, ಯಾರು ಬೇಕಾದ್ರೂ ಹೇಳ್ತಾರೆ. ಈ ತಪ್ಪು ಉತ್ತರ ಕೊಡೋ ಮನುಷ್ಯ ಭೂಮಿ ಮೇಲೆ ಒಬ್ರೇ ಇರೋದು."

ಅತ್ತ ಮೇಡಂ ನಗುತ್ತಲೇ ಬರೆದುಕೊಂಡರು. ಇಷ್ಟು ಭದ್ರವಾದ ಗುಟ್ಟು ತಮ್ಮ ಕಚೇರಿಗೆ ಇದುವರೆಗೆ ಬಂದಿಲ್ಲ ಅಂದರು. ಹೆಂಡತಿ ಒಳಗೆ ಹೋಗಿ ಒಪ್ಪಿಗೆ ಪತ್ರ ತಂದಳು. ನನ್ನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಆಮೇಲೆ ಬೆರಳು ತೋರಿಸಿ ಅಂದಳು:

"ಅಲ್ಲೋಗಿ ಬುದ್ಧಿ ಕಲ್ತು ಸರಿ ಉತ್ತರ ಹೇಳಿದ್ರೋ, ಇವರು ನಮ್ಮೆಜಮಾನ್ರೇ ಅಲ್ಲ ಅಂದ್ಬುಡ್ತೀನಿ, ಜೋಕೆ!"